ಹಿಂಡ ಸುತ್ತಿ ಬರೂತನಕ

ಯಾರಂವಾ, ‘ಭೀಮರಾಯ ಕಾಕಾನ ನೆಪ್ಪ ಹೋಗೇತಿ, ಕತಿ ಕಟ್ಟತಾನ’ ಅಂತ ಗ್ರುಪ್‌ನ್ಯಾಗ ಹಾಕಿದಾಂವ? ಲಖನ, ನೀನ ಅಲಾ? ಎಲ್ಲಿ, ಮೊಬೈಲ್ ನೋಡದ ನಿನ್ನ ಹೇಣ್ತಿ ನಂಬರ ಹೇಳ. ಬರೂದಿಲ್ಲ. ಚಾರ್ಜರ್ ಕಿತ್ರ ಸಾಯೂ ನೆಪ್ಪ ನಿಮ್ಮದು, ನನಗ ಹೇಳಾಕ ಬರ್ತೀರಿ. ಅಂಕಲಗಿ ಡೊಳ್ಳಿನ ಹಾಡಿನ ಸವಾಲಿನ್ಯಾಗ ನಾ ಮುಂದಿನ ಸಾಲಿನ್ಯಾಗ ಕುಂತಾಂವ. ನೀವೆಲ್ಲಾ ಭಜಿ ಗಾಡಿ ಮುಂದ ಬಾಯಿ ತಕ್ಕೊಂಡ ನಿಂತಾವ್ರು. ಬಾಯಿಲೆ ಹೇಳಿ ಮೊಬೈಲಿಗೆ ತುಂಬಿ ಕಳಸತೇನಿ, ಸುಮ್ಮನ ಕೇಳ್ರಿ.

ನಮ್ಮ ತುಕ್ಕಾನಟ್ಟಿ ಡೊಳ್ಳಿನ ಮ್ಯಾಳಕ್ಕ ಮುಂದ ನಿಂತ ಹಾಡಾಂವ ಸಿದ್ರಾಯ. ಕುರಿ ಕಾಯಾಂವ, ನನ್ನ ವಾರಿಗ್ಯಾಂವ. ಅಂವ ಒಂದ ನುಡಿ ಹಾಡಿದ್ರ ಹಿಂದಿನವ್ರು ಹಿಡದ ತಿರಗಿ ಹಾಡಬೇಕು. ಹೆಂಗ ಕಲಸತಿದ್ದ ಗೊತ್ತೇನ್ರಿ? ಕುರಿ ಬಯಲಾಗ ಬಿಟ್ಟಿರ್ತಿದ್ವಿ. ಒಂದ ನುಡಿ ಹಾಡಿ, ‘ಹಿಂಡ ಸುತ್ತಿ ಬಾ’ ಅಂತಿದ್ದ. ಕುರಿ ಬ್ಯಾ ಅಂತಾವು, ನಾಯಿ ಬೊಗಳತಾವು, ಯಾವನೋ ಹಾದಿಯಾಗ ಎಲಿ-ಅಡಿಕಿ ಕೇಳತಾನ. ಎಲ್ಲಾ ದಾಟಿ ಬಂದ ಮ್ಯಾಲ ಆ ನುಡಿ ಇದ್ದಂಗ ಹಾಡಬೇಕು. ತಪ್ಪಿದ್ರ ಅಂವ ಮತ್ತ ಹಾಡಿ ತೋರಸತಿದ್ದಿಲ್ಲ, ಮತ್ತ ಸುತ್ತಾಕ ಹಚ್ಚತಿದ್ದ. ಕಿಂವ್ಯಾಗ ಬಿದ್ದದ್ದು ಕಲತಂಗಲ್ಲ. ಸದ್ದ ನಿಂತ ಮ್ಯಾಲ ಉಳೀತಲ್ಲ, ಅದ ಕಲತದ್ದು.

ಹೋದ ವರ್ಷ ಸಿದ್ರಾಯಗ ಲಕ್ವಾ ಹೊಡೀತು. ಬಲಗೈ ಜೋತಬಿತ್ತು, ಮಾತ ಹೋತು. ನೀರ ಬೇಕಾದ್ರೂ ‘ಅದ... ಅದ...’, ಅಂಗಿ ಬೇಕಾದ್ರೂ ‘ಅದ... ಅದ...’. ಗೋಕಾಕದಾಗ ಮಾತ ಕಲಸೂ ಡಾಕ್ಟರಮ್ಮ ಶಾಣ್ಯಾಕಿ. ಸಿದ್ರಾಯನ ಹೇಣ್ತಿ ರಾಮವ್ವಗ ಬಾಜೂಕ ಕರದ ಹೇಳಿದ್ಲು: ‘ಅಮ್ಮಾರ, ಮಾತಿನ ಜಾಗಾ ಕೆಟ್ಟೈತಿ, ಹಾಡಿನ ಜಾಗಾ ಕೆಟ್ಟಿಲ್ಲ. ದಿನಾ ಕುಂದ್ರಿಸಿಕೊಂಡ ಹಾಡಸ್ರಿ.’ ರಾಮವ್ವ ರೊಟ್ಟಿ ಬಡೀತ ಬಡೀತ ಹಾಡೂದು, ಅಂವ ಬಾಯಿ ಮುಚಗೊಂಡ ಹೂಂ ಹೂಂ ಅಂತ ರಾಗ ಎಳಿಯೂದು. ಒಂದ ಮಾತ ಹೊರಗ ಬರಲಿಲ್ಲ, ಖರೆ ರಾಗ ಮಾತ್ರ ಒಂದ ಎಳಿ ತಪ್ಪಲಿಲ್ಲ.

ಈಗ ಸಿದ್ರಾಯನ ಮಗಾ ಯಲ್ಲಾರಿ. ಥೂ. ಅಪ್ಪ ಹಾಸಿಗಿ ಹಿಡಿಯೂದ ತಡಾ, ತಾನ ಮುಂದಾಳ ಆದ. ಹಾಡ ಮೊಬೈಲ್‌ದಾಗ ತುಂಬಿ ಹಿಂದಿನವ್ರಿಗೆ ಕಳಸತಿದ್ದ. ಅವ್ರು ಕಿಂವ್ಯಾಗ ವಾಯರ್ ತುರಕೊಂಡ ಅದರ ಜೋಡಿ ಜೋಡಿ ಹಾಡಾವ್ರು. ಅದು ಬಂದ್ ಆತು ಅಂದ್ರ ಇವ್ರೂ ಬಂದ್. ‘ನೆಪ್ಪ ಯಾಕ ಇಡಬೇಕ ಕಾಕಾ? ಎಲ್ಲಾ ಇದರಾಗ ಐತಿ’ ಅಂತ ನನ್ನ ಮುಂದ ಮೊಬೈಲ್ ಬಡದ ತೋರಸ್ತಾನ ಮಂಗ್ಯಾ. ‘ಹಂಗಾರ ಅದನ್ನ ನಿಲ್ಲಸ ಹಾಡಾಕ, ನೀ ಮನಿಗಿ ಹೋಗ’ ಅಂದ್ನಿ.

ಅಂಕಲಗಿಗೆ ಸವಾಲಿಗೆ ಹೊಂಟಾಗ ಯಲ್ಲಾರಿ ಅಂತಾನ, ‘ಅಪ್ಪ ಬರೂದ ಬ್ಯಾಡ. ಮೂಕನ್ನ ತಂದಾರಂತ ಎದರಿನ ಹುಕ್ಕೇರಿ ಮ್ಯಾಳದವ್ರು ನಗತಾರ. ಇನ್ನ ಮ್ಯಾಲ ಅಂವ ಮನ್ಯಾಗ ಇರ್ಲಿ.’ ಸಿದ್ರಾಯ ಕಟ್ಟಿ ಮ್ಯಾಲ ರುಮಾಲ ಸುತಗೊಂಡ ತಯಾರಾಗಿ ಕುಂತಿದ್ದ. ಎಲ್ಲಾ ಕೇಳಿಸಿತು ಅವಗ. ಮಾತ ಹೋಗಿತ್ತು, ಕಿಂವಿ ಹೋಗಿದ್ದಿಲ್ಲಲ್ಲ. ಡೊಳ್ಳಿನ ಮುಂದ ಹುಟ್ಟಿ ಬೆಳದಾಂವಗ ಅವತ್ತ ಮನ್ಯಾಗ ಬಿಟ್ಟಿದ್ರ ಮುಗೀತು, ಆ ಹೂಂ ಹೂಂ ಸುದ್ದಾ ನಿಂತಹೋಗತಿತ್ತು.

ರಾಮವ್ವ ಬಾಗಲಾಗ ನಿಂತ್ಲು. ‘ಡೊಳ್ಳ ನಮ್ಮ ಅಟ್ಟದ ಮ್ಯಾಲ ಅದಾವು. ಇಂವ ಗಾಡಿ ಹತ್ತಿದ್ರ ಅವೂ ಹತ್ತತಾವು. ಇಲ್ಲಾಂದ್ರ ನಿನ್ನ ಮೊಬೈಲ್ ಬಡಕೋತ ಹೋಗ’ ಅಂದ್ಲು. ಯಲ್ಲಾರಿ ಮಾರಿ ಗಂಟ ಹಾಕ್ಕೊಂಡ ಹತ್ತಿಸಿದ.

ಹಲೋ... ಒತ್ತಿ ಹಿಡದ ಬಟ್ಟ ಜಾರಿ ಮಾತ ಅರ್ಧಕ್ಕ ಹೋತ ನೋಡ್ರಿ. ಮುಂದಿಂದ ಕೇಳ್ರಿ.

ಸವಾಲಿನ ಕಟ್ಟಳಿ ನಿಮ್ಮಂಥ ದಡ್ಡರಿಗೂ ತಿಳಿಲಿ. ಎದರಿನವ್ರು ಯಾವ ಧಾಟಿಲೆ ಸವಾಲ ಹಾಡತಾರ, ಅದ ಧಾಟಿಲೆ ಜವಾಬ ಹಾಡಬೇಕು. ಧಾಟಿ ತಪ್ಪಿದ್ರ ಡೊಳ್ಳ ಕೆಳಗ ಇಟ್ಟ ಸೋತೇವಿ ಅನಬೇಕು. ಹುಕ್ಕೇರಿ ಮ್ಯಾಳದ ಮುಂದಾಳ ಬೀರಸಿದ್ದಪ್ಪ ಅವತ್ತ ಯಾರೂ ಕೇಳದ ಹೊಸಾ ಧಾಟಿ ಕಟಗೊಂಡ ಬಂದಿದ್ದ. ಅದರಾಗ ಒಂದ ತಿರುವ ಇತ್ತು. ಧ್ವನಿ ಮ್ಯಾಲ ಏರತಿತ್ತು, ಇಳೀತೈತಿ ಅಂತ ನಾವು ಕಾದ್ರ ಇಳೀದ ಅಲ್ಲೇ ತೂಗತಿತ್ತು.

ನಮ್ಮ ಯಲ್ಲಾರಿ ಏನ ಮಾಡಿದ? ಕೇಳಲಿಲ್ಲ. ಹುಕ್ಕೇರಿ ಡೊಳ್ಳಿನ ಬುಡಕ್ಕ ಹೋಗಿ ಮೊಬೈಲ್ ಹಿಡದ ನಿಂತ. ಮುಗದ ಮ್ಯಾಲ ಕಂಬದ ಮರಿಗೆ ಹೋಗಿ ವಾಯರ್ ಹಚ್ಚಿ ಕೇಳತಾನ, ಬರೇ ‘ಭರ್ರ್ ಭರ್ರ್’! ಡೊಳ್ಳಿನ ಬಾಯಿಗೆ ಮೊಬೈಲ್ ಹಿಡದ್ರ ಹಾಡ ಬರ್ತೈತೇನ್ರಿ? ಗಿರಣಿ ಒಳಗ ಕುಂತಂಗ. ಹಿಂದಿನವ್ರು ಅವನ ಮಾರಿ ನೋಡತಾರ, ಅಂವ ಮೊಬೈಲ್ ಮಾರಿ ನೋಡತಾನ. ಹುಕ್ಕೇರಿಯವ್ರು ಒದರಿದ್ರು, ‘ಏನೋ ಯಲ್ಲಾರಿ, ಜವಾಬ ಡೌನ್‌ಲೋಡ ಆಗಾಕತ್ತೈತೇನ?’

ನಮ್ಮ ಅಲ್ಲಪ್ಪ ಹಿಂದ ಹಾಡಾಂವ. ಸವಾಲ ಹಳೀದ, ಜವಾಬಿನ ಮಾತೆಲ್ಲಾ ಅವಗ ಬಾಯಿಪಾಠ. ಇಲ್ಲದ್ದು ಧಾಟಿ ಒಂದ. ಆವಾಗ ಕೆಳಗ ಚೀಲದ ಮ್ಯಾಲ ಕುಂತಿದ್ದ ಸಿದ್ರಾಯ ಕಣ್ಣ ಮುಚ್ಚಿ ಚಾಲೂ ಮಾಡಿದ. ‘ಹೂಂ... ಹಾಂ...’. ಮಾತಿಲ್ಲ, ಬರೇ ಧಾಟಿ. ಆ ತಿರುವು ಬಂತು, ಧ್ವನಿ ಏರಿತು, ಇಳೀಲಿಲ್ಲ. ಹಂಗ ತೂಗಿತು! ಎದರಿಗೆ ಬೀರಸಿದ್ದಪ್ಪ ಬಾಯಾಗಿನ ಎಲಿ ಉಗಳೂದ ಮರತು ಕುಂತ.

ಅಲ್ಲಪ್ಪ ಜಿಗದ ಬಾಜೂಕ ಬಂದ ಕುಂತ. ಸಿದ್ರಾಯ ಧಾಟಿ ಹಿಡಿಯೂದು, ಅಲ್ಲಪ್ಪ ಅದರಾಗ ಮಾತ ಹಾಕೂದು, ಹಿಂದಿನವ್ರು ಎತ್ತೂದು. ಡೊಳ್ಳ ಎದ್ದುವು. ಕಡೀಕ ನಮ್ಮ ಹಾಡೆಲ್ಲಾ ಮುಗಿಯೂ ನುಡಿ ಬರ್ತೈತಲ್ಲ, ಅಲ್ಲಿ ಅಲ್ಲಪ್ಪ ಉಸರ ತಗೊಳ್ಳಾಕ ನಿಂತ. ಅವನಕಿಂತ ಮೊದಲ ಸಿದ್ರಾಯನ ಬಾಯಿಂದ ಬಂತು: ‘ತುಕ್ಕಾನಟ್ಟಿ ಬೀರಪ್ಪಗ ಶರಣ ಅನ್ನೀರೋ.’ ಸ್ವಚ್ಛ. ವರ್ಷದ ಮ್ಯಾಲ ಮೊದಲ ಮಾತು.

ಹೆಣಮಕ್ಕಳ ಕಡಿಂದ ರಾಮವ್ವ ಎದ್ದ ನಿಂತ್ಲು. ಅತ್ಲು ಅಂದ್ಕೊಂಡ್ರೇನ? ‘ದಿನಾ ರೊಟ್ಟಿ ತಿನಸಿದಾಕಿ ಹೆಸರ ಬರಲಿಲ್ಲ ನಿನಗ, ಊರ ಹೆಸರ ಬಂತಲಾ ಭಾಡ್ಯಾ!’ ಅಂದ್ಲು. ಮಂದಿ ಬಿದ್ದ ಬಿದ್ದ ನಕ್ರು. ಸಿದ್ರಾಯನೂ ನಕ್ಕ.

ಬೀರಸಿದ್ದಪ್ಪ ತಾನ ಬಂದ ‘ಗೆದ್ರಿ’ ಅಂತ ಸಿದ್ರಾಯನ ಹಣಿಗೆ ಭಂಡಾರ ಹಚ್ಚಿದ. ಮನಿಸ್ಯಾ ಅಂವ. ನಮ್ಮ ಯಲ್ಲಾರಿ? ಮರುದಿವಸ ‘ನನ್ನ ಮುಂದಾಳತನದಾಗ ಗೆಲವು’ ಅಂತ ವಿಡಿಯೋ ಬಿಟ್ಟ. ನೀವು ಕತ್ತೆಗೋಳು ಹೆಬ್ಬಟ್ಟ ಒತ್ತಿದ್ರಿ. ಒಬ್ಬನರ ಆ ಧಾಟಿ ಈಗ ಹಾಡತೀರೇನ? ಇಲ್ಲ. ವಿಡಿಯೋದಾಗೂ ಬರೇ ಭರ್ರ್ ಐತಿ.

ಈಗ ಅಲ್ಲಪ್ಪ ಹೇಳ್ಯಾನ, ಮ್ಯಾಳ ಕುಂದ್ರೂದು ಸಿದ್ರಾಯನ ಕಟ್ಟಿಗೆ, ಮೊಬೈಲೆಲ್ಲಾ ಬೇವಿನ ಗಿಡಕ್ಕ ಜೋತಬಿಟ್ಟ ಚೀಲದಾಗ. ಸಿದ್ರಾಯ ಹೂಂ ಹೂಂ ಅಂತ ಒಂದ ಧಾಟಿ ಎಳೀತಾನ, ಕೈಲೆ ಹಿಂಡ ತೋರಸ್ತಾನ, ಮಂದಿ ಸುತ್ತಾಕ ಹೋಗತಾರ. ಯಲ್ಲಾರಿನೂ ಸುತ್ತತಾನ, ಎಲ್ಲಾರಕಿಂತ ಹೆಚ್ಚ ಸುತ್ತತಾನ. ಮಾತಿನ್ನೂ ಅಷ್ಟಕ್ಕಷ್ಟ. ಆದ್ರ ಬೀರಸಿದ್ದಪ್ಪನ ಆ ಧಾಟಿಲೆ ‘ಚಾ... ಕೊಡ...’ ಅಂತ ಎಳೀತಾನ, ತಿರುವು ತೂಗಿಸಿ. ‘ನನ್ನ ಹೆಸರ ಸೇರಸೂತನಕ ಚಾ ಇಲ್ಲ’ ಅಂತಾಳ ರಾಮವ್ವ. ಮೊನ್ನೆ ‘ರಾ...’ ತನಕ ಬಂದಾನ.

ಇದನ್ನ ಮುಂದ ದಾಟಸ್ರಿ. ಆದ್ರ ಬಟ್ಟ ಒತ್ತಿ ದಬ್ಬಬ್ಯಾಡ್ರಿ. ಮೊಬೈಲ್ ಇಡ್ರಿ, ಹೊಲಕ್ಕ ಹೋಗಿ ಬರ್ರಿ, ಆಮ್ಯಾಲ ಯಾರಿಗರ ಬಾಯಿಲೆ ಹೇಳ್ರಿ. ಲಖನ, ಮೊದಲ ನೀ ಹೇಳ.