ತುಂಬಿದ ಬುಟ್ಟಿ

"ಈ ಗಾಂಡು ನನ್ಮಗನ ಬುಟ್ಟಿಗೆ ಯಾರೂ ಕೈ ಹಾಕ್ಬೇಡಿ. ಅಂಟ್ಕೊಂಡ್ಬಿಡುತ್ತೆ," ಎಂದ ಧಣಿ, ನನ್ನ ಕಡೆ ಬೆರಳು ಮಾಡಿ. ಗುಂಡಿಯ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು, ಟೀ ಲೋಟ ಹಿಡಿದು ಕೂತಿದ್ದ. ಕೆಲವರು ನಕ್ಕರು. ನಗು ಬಾರದವರು ಅವನಿಗೆ ಕಾಣುವಂತೆ ಹಲ್ಲು ಬಿಟ್ಟರು.

ಅವನ ಗೊಬ್ಬರದ ಗುಂಡಿಯನ್ನು ನಾವು ಖಾಲಿ ಮಾಡುತ್ತಿದ್ದೆವು. ವರ್ಷವಿಡೀ ಕೊಳೆತ ಸಗಣಿ, ಗಂಜಲ, ಸತ್ತ ಕರುವಿನ ಮೂಳೆ. ಹಸಿ ಗೊಬ್ಬರ ತುಂಬಿದ ಬುಟ್ಟಿಯನ್ನು ಯಾರೂ ತಾವೇ ತಲೆಗೇರಿಸಿಕೊಳ್ಳಲಾರರು. ಎದುರಿಗೆ ಇನ್ನೊಬ್ಬರು ನಿಂತು ಎತ್ತಿಕೊಡಬೇಕು. ನನಗೆ ಎತ್ತಿಕೊಡುತ್ತಿದ್ದವನು ಕೊಕ್ಕರೆ. ಉದ್ದ ಕಾಲಿನವನು, ನನ್ನ ಹಾಗೇ ಇಪ್ಪತ್ತು ದಾಟಿದವನು. ಇಬ್ಬರಿಗೂ ಮೀಸೆ ಬಲಿತದ್ದು ಈ ಗುಂಡಿಯಲ್ಲೇ. ಬುಟ್ಟಿ ಏರುವಾಗ ಅವನ ಬೆರಳು ನನ್ನ ಬೆರಳ ಮೇಲೆ ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಿತ್ತು. ಅಷ್ಟಕ್ಕೇ ಇಡೀ ದಿನದ ನಾತ ಮರೆತುಹೋಗುತ್ತಿತ್ತು.

ನಿನ್ನೆ ಬಣವೆಯ ಹಿಂದೆ ಮೇಸ್ತ್ರಿ ನಮ್ಮನ್ನು ಕಂಡುಬಿಟ್ಟ. ತುಟಿ ಬಿಡಿಸಿಕೊಳ್ಳುವಷ್ಟೂ ಪುರುಸೊತ್ತಾಗಲಿಲ್ಲ. ಸಂಜೆಯೊಳಗೆ ಕೊಕ್ಕರೆ ಧಣಿಯ ಕಾಲು ಹಿಡಿದಿದ್ದನಂತೆ. "ಅವನೇ ಎಳ್ಕೊಂಡ ಧಣಿ. ನಾನು ಅಂಥವನಲ್ಲ."

ಇವತ್ತು ಬುಟ್ಟಿ ತುಂಬಿ, ಪಕ್ಕದಲ್ಲೇ ಗೊಬ್ಬರ ಅಗೆಯುತ್ತಿದ್ದ ಅಪ್ಪನ ಕಡೆ ನೋಡಿದೆ. ಅಪ್ಪ ಸನಿಕೆಯ ಹಿಡಿಯನ್ನೇ ನೋಡುತ್ತ ನಿಂತ.

"ನನ್ನ ಮುಖ ನೋಡ್ಬೇಡ. ನಾಳೆ ಕೂಲಿಗೆ ಕರೀದೆ ಹೋದ್ರೆ ಮಣ್ಣು ತಿನ್ನೋದಾ?"

ಅಪ್ಪನ ಮೇಲೂ ಹೇಸಿಗೆಯಾಯಿತು. ಮೊಣಕಾಲು ಕೊಟ್ಟು ನಾನೇ ಎತ್ತಲು ನೋಡಿದೆ. ಎದೆಮಟ್ಟಕ್ಕೆ ಬಂದ ಬುಟ್ಟಿ ವಾಲಿ ಮುಖದ ಮೇಲೆ, ಬಾಯೊಳಗೆ ಸುರಿಯಿತು.

"ರುಚಿ ಹೇಗಿದೆಯೋ?" ಎಂದ ಧಣಿ.

ಹೋದ ಕೊಯ್ಲಿನಲ್ಲಿ ಕಣಜದ ಕೋಣೆಯಲ್ಲಿ ನನ್ನ ಚಿಕ್ಕಮ್ಮನ ಸೊಂಟಕ್ಕೆ ಕೈ ಹಾಕಿದವನು ಇವನೇ. ಆಗ ಇದೇ ಜನ ದೊಡ್ಡವರ ವಿಷಯ ನಮಗ್ಯಾಕೆ ಎಂದು ತಲೆ ತಗ್ಗಿಸಿ ಕಾಳು ತೂರಿದ್ದರು. ಯಾರಿಗೂ ಏನೂ ಅಂಟಲಿಲ್ಲ.

ಗುಂಡಿಯಿಂದ ಮೇಲೆ ಹೋಗಲು ಇದ್ದದ್ದು ಒಂದೇ ಇಳಿಜಾರು, ಒಬ್ಬರು ಹಾಯುವಷ್ಟು. ಅದರ ಬುಡದಲ್ಲಿ ನಿಂತು ಕೊಕ್ಕರೆ ಉಳಿದವರಿಗೆ ಎತ್ತಿಕೊಡುತ್ತಿದ್ದ. ಖಾಲಿ ಬುಟ್ಟಿಯನ್ನು ಅಲ್ಲಿಗೇ ಒಯ್ದು ಅವನೆದುರು ಇಟ್ಟು, ತುಳುಕುವಷ್ಟು ತುಂಬಿದೆ.

"ಎತ್ತಿಕೊಡು."

ಅವನ ಕೈ ಮುಂದೆ ಬಂತು. ನಾನು ಕಣ್ಣಾರೆ ನೋಡಿದೆ, ಬಂತು. ಅಷ್ಟರಲ್ಲಿ ಧಣಿ ಕೆಮ್ಮಿದ.

"ಉಗಿಯೋ ಅವನ ಮುಖಕ್ಕೆ. ನೀನು ಗಂಡಸು ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ."

ಕೊಕ್ಕರೆ ಉಗಿದ. ಸಗಣಿ ಮೆತ್ತಿದ ಕೆನ್ನೆಯ ಮೇಲೆ ಅದು ಬೆಚ್ಚಗೆ ಇಳಿಯಿತು. ಧಣಿ ತೊಡೆ ತಟ್ಟಿಕೊಂಡು ನಕ್ಕ.

"ಇನ್ನೊಂದ್ಸಲ ಉಗಿ," ಎಂದೆ, ಎಲ್ಲರಿಗೂ ಕೇಳುವಂತೆ. "ನಿನ್ನ ಎಂಜಲು ನನಗೇನು ಹೊಸದಾ? ನಿನ್ನೆ ನೀನಾಗೇ ಕೊಟ್ಟೆಯಲ್ಲೋ, ಕಣ್ಣು ಮುಚ್ಕೊಂಡು."

ನಗು ನಿಂತಿತು. ಕೊಕ್ಕರೆ ಬಾಯಿ ಒರೆಸಿಕೊಂಡ, ಒರೆಸಿಕೊಳ್ಳುತ್ತಲೇ ಇದ್ದ. ಅವನ ಹಿಂದೆ ಹೊರೆ ಹೊತ್ತವರ ಸಾಲು ಮುಂದೆ ಹೋಗಲಾರದೆ ನಿಂತಿತ್ತು. ನನ್ನ ಬುಟ್ಟಿ ದಾರಿಗೆ ಅಡ್ಡವಾಗಿತ್ತು, ಅದನ್ನು ಮುಟ್ಟಬಾರದೆಂದು ಧಣಿಯೇ ಅಪ್ಪಣೆ ಮಾಡಿದ್ದ.

"ತೆಗಿಯೋ ಅದನ್ನ, ಬೋಳಿಮಗನೆ," ಎನ್ನುತ್ತ ಅವನು ಕುರ್ಚಿಯಿಂದ ಎದ್ದ.

"ಒಬ್ಬನ ಕೈಲಿ ಆಗಲ್ಲ, ಇಬ್ಬರು ಬೇಕು," ಎಂದು ನಾನು ಬುಟ್ಟಿಯ ಪಕ್ಕದಲ್ಲೇ ಕೂತೆ.