ಅಳತೆ ಕೊಡದೆ ಬಂದ ಕಾರು

ನನಗೂ ನನ್ನ ಅತ್ತಿಗೆಗೂ ಮೊದಲಿನಿಂದಲೂ ಆಗಿಬರುವುದಿಲ್ಲ. ಹಾವು ಮುಂಗುಸಿ ಎಂದು ಜನ ಆಡಿಕೊಳ್ಳುತ್ತಾರೆ. ಹಾವು ಮುಂಗುಸಿಗಳಾದರೂ ಬೇರೆ ಬೇರೆ ಬಿಲದಲ್ಲಿರುತ್ತವೆ. ನಾವು ಅತ್ತಿಗೆ ನಾದಿನಿ ಒಂದೇ ಮನೆಯಲ್ಲಿ ಉಂಡು, ಒಂದೇ ಹೊಲಿಗೆ ಅಂಗಡಿಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂರುವವರು. ಅವಳು ಕತ್ತರಿಸುತ್ತಾಳೆ, ನಾನು ಹೊಲಿಯುತ್ತೇನೆ. ಅಣ್ಣ ಸಾಯುವಾಗ ನಮಗೆ ಬಿಟ್ಟುಹೋದದ್ದು ಆ ಅಂಗಡಿ, ಬಟ್ಟೆಯ ಅಂಚು ಬಿಡದಂತೆ ಹೊಲಿಯುವ ಓವರ್‌ಲಾಕ್ ಮಷೀನು, ಮತ್ತೆ ಒಬ್ಬರಿಗೊಬ್ಬರ ಕಾಟ. ಶಾಲೆ ಮಕ್ಕಳ ಸಮವಸ್ತ್ರದ ಕೆಲಸವೆಲ್ಲ ಆ ಮಷೀನಿನ ಮೇಲೆಯೇ ನಡೆಯಬೇಕು. ಅದು ಹೋದರೆ ಅಂಗಡಿಗೆ ಬೀಗ.

ಅವಳ ಕೈಕೆಲಸಕ್ಕೆ ಮಾತ್ರ ನಾನು ಕೊಂಕು ತೆಗೆಯಲಾರೆ. ಗಿರಾಕಿ ಎದುರಿಗೆ ನಿಂತು ಅಳತೆ ಕೊಡದೆ ಅವಳು ಕತ್ತರಿ ಮುಟ್ಟುವುದಿಲ್ಲ. ಹಳೇ ಅಂಗಿ ಕಳಿಸಿ ಇದೇ ಅಳತೆಗೆ ಹೊಲಿಯಿರಿ ಎಂದವರನ್ನು ಮುಖ ಮುರಿದು ವಾಪಸ್ ಅಟ್ಟುತ್ತಾಳೆ. "ಅಂಗಿ ಅಳೆದು ಹೊಲಿದ್ರೆ ಅಂಗಿಗೆ ಸರಿಹೋಗುತ್ತೆ, ಮೈಗಲ್ಲ" ಎನ್ನುವುದು ಅವಳ ವಾದ. ಎರಡನೆಯ ನಿಯಮ, ಮುಂಗಡ ಕೈಗೆ ಬರದೆ ಬಟ್ಟೆಯನ್ನು ಮೇಜಿನ ಮೇಲೆ ಹರಡುವುದಿಲ್ಲ. ಈ ಎರಡನೆಯ ನಿಯಮವೇ ಅವಳನ್ನು ಹಳ್ಳಕ್ಕೆ ತಳ್ಳಿತು.

ಸ್ವಲ್ಪ ದಿನಗಳಿಂದ ಅವಳಿಗೆ ಫೋನು ಬರುತ್ತಿತ್ತು. ಬಂದ ಕೂಡಲೇ ತೂಗುಹಾಕಿದ ಕೋಟುಗಳ ಹಿಂದೆ ಸರಿದು, "ಹೌದು ಸರ್, ಇಲ್ಲ ಸರ್" ಎಂದು ಬೆಣ್ಣೆಯಂಥ ದನಿಯಲ್ಲಿ ಮಾತಾಡುವಳು. ನನ್ನೆದುರು ಹಲ್ಲು ಬಿಡದವಳು ಅಲ್ಲಿ ಕಿಸಕ್ಕೆಂದು ನಗುವಳು. ಯಾರನ್ನೋ ಕಟ್ಟಿಕೊಳ್ಳುತ್ತಾಳೆ ಎಂದುಕೊಂಡೆ. ಕಟ್ಟಿಕೊಳ್ಳಲಿ, ಕೋಣೆ ಪೂರ್ತಿ ನನಗೇ ಸಿಗುತ್ತದೆ ಎಂದು ಒಳಗೊಳಗೇ ಖುಷಿಯೂ ಪಟ್ಟೆ.

ಆಮೇಲೆ ಒಂದು ಬೆಳಗ್ಗೆ ಪಕ್ಕದ ಬೀದಿಯ ಕೋಟಿನ ದರ್ಜಿ ತಳ್ಳುಗಾಡಿ ತಂದು ನಮ್ಮ ಬಾಗಿಲಿಗೆ ನಿಲ್ಲಿಸಿದ. ಸದಾ ಬಾಯಲ್ಲೊಂದು ಬಟನ್ ಕಚ್ಚಿಕೊಂಡಿರುವುದರಿಂದ ಅವನನ್ನು ಎಲ್ಲರೂ ಬಟನ್ ಎಂದೇ ಕರೆಯುವುದು. ಅವನು ಸೀದಾ ಬಂದು ಓವರ್‌ಲಾಕ್ ಮಷೀನಿನ ವೈರು ಕಿತ್ತ.

"ಕೈ ತೆಗಿ! ಯಾರಪ್ಪನ ಆಸ್ತಿ ಅಂದ್ಕೊಂಡಿದೀಯ?" ಎಂದು ಹಾರಿದೆ.

"ನಿಮ್ಮ ಅತ್ತಿಗೇನೇ ಮಾರಿದ್ದು. ದುಡ್ಡೂ ತಂದಿದೀನಿ" ಎಂದ, ಬಟನ್ನನ್ನು ಕೆನ್ನೆಗೆ ಸರಿಸಿ.

ಅತ್ತಿಗೆ ತಲೆ ಎತ್ತಲಿಲ್ಲ. "ನನಗೆ ಕಾರು ಬಂದಿದೆ. ಸೋಪಿನ ಕಂಪನಿಯ ಲಕ್ಕಿ ಡ್ರಾ. ತೆರಿಗೆ ಇವತ್ತು ಸಾಯಂಕಾಲದೊಳಗೆ ಕಟ್ಟಬೇಕು. ನೋಂದಣಿ ಶುಲ್ಕ ಆಗಲೇ ಕಟ್ಟಿದೀನಿ."

ನನ್ನ ಮೈಯೆಲ್ಲ ಉರಿಯಿತು. "ನಿನ್ನ ತಲೆಗೆ ಮಣ್ಣು ಹಾಕ! ಬ್ಯಾಂಕಿನ ಗೋಡೆ ಮೇಲೆ ಅಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದಾರಲ್ಲ, ಬಹುಮಾನಕ್ಕೆ ಮೊದಲು ದುಡ್ಡು ಕೇಳೋನು ಕಳ್ಳ ಅಂತ. ಕಣ್ಣು ಎಲ್ಲಿಟ್ಟಿದ್ದೆ?"

"ಅದು ಮೋಸದವರ ವಿಷಯ. ಮೋಸದವರ ಹತ್ರ ಹುಷಾರಾಗಿರಿ ಅಂತ ಮೊದಲು ಹೇಳಿದ್ದೇ ಈ ಸರ್ರು. ಮುಂಗಡ ಕೇಳಿದ ಮಾತ್ರಕ್ಕೆ ಕಳ್ಳರಾದ್ರೆ ನಾವೂ ಕಳ್ಳರೇ. ನಾವು ಮುಂಗಡ ಇಲ್ದೆ ಹೊಲೀತೀವಾ?"

"ಟೋಪಿ ಹಾಕ್ತಿದಾನೆ ಕಣೇ!"

"ನೀನು ಹೀಗೇ ಕುಣೀತೀಯ ಅಂತ ಅವರು ಮೊದಲೇ ಹೇಳಿದ್ರು. ನಿಮ್ಮ ಭಾಗ್ಯ ನೋಡಿ ಹೊಟ್ಟೆ ಉರ್ಕೊಳ್ಳೋರು ಮನೇಲಿ ಯಾರಿದಾರೆ ಅಂತ ಕೇಳಿದ್ರು. ನಿನ್ನ ಬಿಟ್ಟು ಇನ್ಯಾರ ಹೆಸರು ಹೇಳಲಿ?"

ಆಗ ನನಗೆ ಅವನ ಕಸುಬು ಅರ್ಥವಾಯಿತು. ನಾನು ಕೂಗಿದಷ್ಟೂ ಅವನ ಮಾತು ನಿಜವಾಗುತ್ತಿತ್ತು. ನಮ್ಮ ಜಗಳವನ್ನೇ ಬಂಡವಾಳ ಮಾಡಿಕೊಂಡು ಎಲ್ಲೋ ಕೂತು ನಮ್ಮ ಮಷೀನು ಎಳೆಯುತ್ತಿದ್ದ. ಬೈಗುಳ ಗಂಟಲಿಗೆ ಬಂದು ನಿಂತಿತ್ತು. ಅದನ್ನು ನುಂಗುವುದು ನನ್ನಂಥವಳಿಗೆ ಸುಲಭವಲ್ಲ. ಮಷೀನನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಸ್ಟೂಲಿನ ಮೇಲೆ ಕೂತು, ಆದಷ್ಟು ಮೆತ್ತಗೆ ಕೇಳಿದೆ:

"ಸರಿ. ಮುಂಗಡ ತಗೊಳ್ಳೋದು ಸರೀನೇ. ಅಳತೆ ಯಾವತ್ತು ಕೊಟ್ಟೆ?"

"ಯಾವ ಅಳತೆ?"

"ಡ್ರಾಗೆ ನೀನು ಹೆಸರು ಕೊಟ್ಟಿದ್ಯಾ? ಕೂಪನ್ ತುಂಬಿಸಿದ್ಯಾ? ಬೀದೀಲಿ ಹೋಗೋ ಒಬ್ಬಳು ಬಂದು, ನಾನು ಅಳತೆ ಕೊಟ್ಟಿಲ್ಲ, ಬಟ್ಟೆ ಕೊಟ್ಟಿಲ್ಲ, ನನ್ನ ಕೋಟು ರೆಡಿ ಇದೆಯಂತೆ ಅಂದ್ರೆ ಏನಂತೀಯ?"

ಅವಳು ಕೈಯಲ್ಲಿದ್ದ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. ಆಮೇಲೆ ನನ್ನನ್ನು ಸೋಲಿಸಲೆಂದೇ ಫೋನು ತೆಗೆದು, ನನಗೂ ಕೇಳಿಸುವಂತೆ ಸ್ಪೀಕರ್ ಹಾಕಿದಳು.

"ಅಕ್ಕಾ, ಊಟ ಆಯ್ತಾ?" ಎಂದಿತು ದನಿ. ಜೇನು ಸುರಿಯುತ್ತಿತ್ತು. "ದುಡ್ಡು ರೆಡಿನಾ?"

"ಸರ್, ನಾನು ಕೂಪನ್ ಯಾವಾಗ ತುಂಬಿಸಿದ್ದು?"

"ಕಂಪ್ಯೂಟರ್ ತಾನಾಗೇ ಆರಿಸುತ್ತೆ ಅಕ್ಕಾ. ನಾದಿನಿ ಏನಾದ್ರೂ ತಲೆ ಕೆಡಿಸಿದ್ಲಾ?"

"ಹಾಗಲ್ಲ ಸರ್. ಆಫೀಸು ಎಲ್ಲಿದೆ ಹೇಳಿ. ನಾನೇ ಬಂದು ಎದುರಿಗೆ ನಿಂತು ಕೊಡ್ತೀನಿ. ಮುಖ ನೋಡದೆ ಕತ್ತರಿ ಹಾಕೋ ಅಭ್ಯಾಸ ನನಗಿಲ್ಲ."

"ಆಫೀಸಿಗೆ ಹೊರಗಿನವರನ್ನ ಬಿಡಲ್ಲ. ಸಾಯಂಕಾಲ ದಾಟಿದ್ರೆ ಕಾರು ಬೇರೆಯವರ ಪಾಲು."

"ಹಾಗಾದ್ರೆ ಕಾರು ಮಾರಿ, ತೆರಿಗೆ ಹಿಡ್ಕೊಂಡು, ಉಳಿದದ್ದು ನನಗೆ ಕೊಡಿ."

ಜೇನು ಅಲ್ಲಿಗೆ ಖಾಲಿಯಾಯಿತು. "ಏಯ್, ನಿನ್ನ ಮೇಲೆ ಕೇಸ್ ಹಾಕಿಸ್ತೀನಿ. ಚಿಂದಿ ಹೊಲಿಯೋ ಮುಂಡೆಗೆ ಕಾರು ಬೇರೆ ಕೇಡು!"

ಅತ್ತಿಗೆಯ ಮುಖ ಸುಣ್ಣದ ಹಾಗಾಯಿತು. ನಾನು ಅವಳನ್ನು ದಿನವೂ ಬೈಯುತ್ತೇನೆ. ಬೈಯದಿದ್ದರೆ ನನಗೆ ಉಂಡದ್ದು ಜೀರ್ಣವಾಗುವುದಿಲ್ಲ. ಆದರೆ ಅವಳನ್ನು ಬೈಯಲು ಇವನ್ಯಾರು? ಫೋನು ಕಿತ್ತುಕೊಂಡು ನಾಲಗೆ ಹರಿಬಿಟ್ಟೆ. ಅಷ್ಟು ಹೊತ್ತು ನುಂಗಿದ್ದೆಲ್ಲ ಬಡ್ಡಿ ಸಮೇತ ಹೊರಗೆ ಬಂತು. ಅವನ ವಂಶದಲ್ಲಿ ಯಾರನ್ನೂ ಬಿಡಲಿಲ್ಲ. ಬಾಗಿಲಲ್ಲಿದ್ದ ಬಟನ್, ಬಟನ್ನನ್ನು ನುಂಗಿಯೇಬಿಟ್ಟನೋ ಏನೋ, ಕೆಮ್ಮುತ್ತಾ ಖಾಲಿ ಗಾಡಿ ತಿರುಗಿಸಿದ.

ಫೋನು ಕಟ್ಟಾಗಿತ್ತು. ಕಟ್ಟಿದ ಶುಲ್ಕ ಹೋಯಿತು. ದೂರು ಕೊಟ್ಟು ಬಂದೆವು, ಬ್ಯಾಂಕಿಗೂ ತಿಳಿಸಿದೆವು, ಹಣ ಇವತ್ತಿಗೂ ಬಂದಿಲ್ಲ.

"ಅಷ್ಟು ಬುದ್ಧಿ ಇರೋಳು ಹೇಗೇ ನಂಬಿದೆ?" ಎಂದು ಕೇಳಿದೆ.

"ದಿನಾ ಊಟ ಆಯ್ತಾ ಅಂತ ಕೇಳ್ತಿದ್ದ. ನೀನು ಒಂದು ದಿನ ಕೇಳಿದೀಯಾ?"

"ಮೂರು ಹೊತ್ತೂ ನನ್ನ ಕಣ್ಣೆದುರೇ ತಿಂತೀಯಲ್ಲ, ಏನು ಕೇಳೋದು?" ಎಂದೆ. ಹಾಗೆಂದರೂ ಆ ಮಾತು ನನಗೆ ಸೂಜಿ ಚುಚ್ಚಿದಂತೆ ಚುಚ್ಚಿತ್ತು.

ಈಗ ಅಳತೆಗೆ ನಿಂತ ಯಾವ ಗಿರಾಕಿಯನ್ನೂ ಅವಳು ಸುಮ್ಮನೆ ಬಿಡುವುದಿಲ್ಲ. ಕುತ್ತಿಗೆಗೆ ಪಟ್ಟಿ ಸುತ್ತಿ, ಓಡಿಹೋಗದಂತೆ ಹಿಡಿದು, "ಬಹುಮಾನ ಅಂತ ಯಾರಾದ್ರೂ ಫೋನ್ ಮಾಡಿದ್ರಾ? ಯಾರಿಗೂ ಹೇಳ್ಬೇಡಿ ಅಂದ್ರಾ? ಹಾಗಂದ್ರೆ ಎಲ್ಲರಿಗೂ ಹೇಳಿ" ಎಂದು ದಬಾಯಿಸುತ್ತಾಳೆ. ಗಿರಾಕಿಗಳು ಉಸಿರು ಬಿಗಿಹಿಡಿದು ತಲೆ ಆಡಿಸುವುದರಿಂದ ಅಳತೆ ಆಗಾಗ ತಪ್ಪುತ್ತದೆ. ಅದಕ್ಕೂ ನಾವು ಜಗಳವಾಡುತ್ತೇವೆ.

ಮೊನ್ನೆ ಮತ್ತೆ ಫೋನು ಬಂತು. ಬೇರೆ ದನಿ, ಅದೇ ಜೇನು. ಕಳೆದುಹೋದ ಹಣ ವಾಪಸ್ ಕೊಡಿಸುತ್ತಾರಂತೆ, ಚಿಕ್ಕದೊಂದು ಫೀಸು ಕಟ್ಟಿದರೆ ಸಾಕಂತೆ. ಈ ಸಲ ಅತ್ತಿಗೆ ಕೋಟುಗಳ ಹಿಂದೆ ಸರಿಯಲಿಲ್ಲ. ಪೂರ್ತಿ ಕೇಳಿಸಿಕೊಂಡು, ಫೋನನ್ನು ನನ್ನತ್ತ ಚಾಚಿದಳು.

"ಊಟ ಆಯ್ತಾ ಅಂತ ಕೇಳ್ತಿದಾರೆ. ನೀನೇ ಹೇಳು" ಎಂದಳು.

ಆಮೇಲೆ ಕತ್ತರಿ ಕೆಳಗಿಟ್ಟು, ಸ್ಟೂಲು ಎಳೆದುಕೊಂಡು, ಆರಾಮಾಗಿ ಕೇಳಲು ಕೂತಳು.