ಇಪ್ಪತ್ತಕ್ಕೆ ಕಟ್ಟಿದ ಹಗ್ಗ

ಹಗ್ಗ ಶೆಡ್ಡಿನ ಈಚೆಗೇ ನಿಂತಿದ್ದನ್ನು ಕಂಡ ಕೂಡಲೇ ಅವನ ಮೈ ಉರಿಯಿತು. ಶೆಡ್ಡಿನೊಳಗೆ ಅವನ ತಾಯಿ ಉಳಿದ ಹೆಂಗಸರ ಜೊತೆ ಕೂತು ತಂತಿ ಬ್ರಷ್ಷಿನಲ್ಲಿ ಪೈಪಿನ ತುಕ್ಕು ಉಜ್ಜುತ್ತಿದ್ದಳು.

ಅವನೂ ಅವನ ಅಕ್ಕನ ಗಂಡನೂ ಪೈಪಿನ ಬೆಸುಗೆಯ ಫೋಟೋ ತೆಗೆಯುವ ತಂಡದವರು. ಸೀಸದ ಪೆಟ್ಟಿಗೆಯಲ್ಲಿ ಕಾಳಿನಷ್ಟು ವಿಕಿರಣದ ಗುಳಿಗೆ ಇರುತ್ತದೆ. ದೂರ ನಿಂತು ಹಿಡಿಕೆ ತಿರುಗಿಸಿದರೆ ಅದು ಕೊಳವೆಯಲ್ಲಿ ಜಾರಿ ಬೆಸುಗೆಯ ಪಕ್ಕಕ್ಕೆ ಬರುತ್ತದೆ, ಒಳಗಿನ ಬಿರುಕೆಲ್ಲ ಫಿಲ್ಮಿನ ಮೇಲೆ ಮೂಡುತ್ತದೆ. ಗುಳಿಗೆ ಹೊರಗಿದ್ದಷ್ಟು ಹೊತ್ತು ಸುತ್ತ ಹಗ್ಗ ಕಟ್ಟಬೇಕು, ಹಗ್ಗದೊಳಗೆ ನರಪಿಳ್ಳೆ ಇರಕೂಡದು. ಯಾವತ್ತೂ ಆ ಹಗ್ಗ ಶೆಡ್ಡನ್ನು ದಾಟಿ ಗೇಟಿನ ತನಕ ಹೋಗುತ್ತಿತ್ತು. ಹೆಂಗಸರು ಗೊಣಗಿಕೊಂಡು ಎದ್ದು ಹೊರಗೆ ಹೋಗುತ್ತಿದ್ದರು. ಬೇರೆ ಕಡೆ ಕೆಲಸ ಮುಗಿಸಿ ಇವತ್ತಷ್ಟೇ ಮರಳಿದ್ದ ಅವನು ಈ ಹೊಸ ಅಳತೆ ಏನೆಂದು ಕೇಳಲು ಭಾವನ ಹತ್ತಿರ ಹೋದ.

ಭಾವನೇ ಮೇಸ್ತ್ರಿ. ಕೇಳಿದ್ದಕ್ಕೆ ತಲೆ ಕೂಡ ಎತ್ತಲಿಲ್ಲ. ಗುಳಿಗೆ ಹಳೆಯದಾಗಿ ಸೊರಗಿದೆ, ಅದಕ್ಕೇ ಇಪ್ಪತ್ತು ಹತ್ತಿರದಲ್ಲೇ ಸಿಕ್ಕಿತು ಎಂದ. ಆ ತಂಡದಲ್ಲಿ ಎಲ್ಲರೂ ಬರೀ ಇಪ್ಪತ್ತು ಅನ್ನುವವರೇ. ಮೀಟರ್ ಹಿಡಿದು ಹಿಂದೆ ಹಿಂದೆ ನಡೆಯುವುದು, ಇಪ್ಪತ್ತಕ್ಕೆ ಇಳಿದ ಜಾಗದಲ್ಲಿ ಗೂಟ ಹೊಡೆಯುವುದು. ಇಪ್ಪತ್ತು ಏನು ಎಂದು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಅವನು ಭಾವನ ಕೊರಳಿನ ಮೀಟರಿಗೆ ಕೈ ಹಾಕಿ ತಿರುಗಿಸಿದ. ದಿನಾ ನೋಡುವ ಮೀಟರ್ ಅಲ್ಲ. ಅದು ಮೊನ್ನೆ ರಿಪೇರಿಗೆ ಹೋಗಿ, ಬೀರುವಿನ ತಳದಲ್ಲಿದ್ದ ಮುಳ್ಳಿನ ಮೀಟರ್ ಹೊರಗೆ ಬಂದಿತ್ತು. ರಿಪೇರಿಗೆ ಹೋದ ಹೊಸದು ವಿಕಿರಣವನ್ನು ಗಂಟೆಗೆ ಇಷ್ಟು ಮೈಕ್ರೋಗ್ರೇ ಎಂದು ತೋರಿಸುತ್ತಿತ್ತು. ಇದರ ಗಾಜಿನಡಿ ಮಾಸಿದ ಅಕ್ಷರದಲ್ಲಿ ಗಂಟೆಗೆ ಮಿಲಿರ್ಯಾಡ್ ಎಂದಿತ್ತು.

"ಕೈ ತೆಗಿ," ಎಂದ ಭಾವ. "ಎಂಟನೇ ಕ್ಲಾಸಿಗೆ ಮೀಟರ್ ಓದೋ ಕೆಲಸ ಕೊಟ್ಟಿಲ್ಲ."

ಎಂಟನೇ ಕ್ಲಾಸು ಎಂಬುದು ಭಾವ ಅವನಿಗಿಟ್ಟ ಹೆಸರು. ಅಕ್ಕನ ಮದುವೆಯಾದ ವರ್ಷ ಶುರುವಾದದ್ದು, ಊಟದ ತಟ್ಟೆಯ ಮುಂದೆಯೂ ಬಿಟ್ಟಿರಲಿಲ್ಲ. ಅವನು ಹಲ್ಲು ಕಚ್ಚಿ ನೇರ ಹಿಡಿಕೆಯ ಹತ್ತಿರ ಹೋದ, ತಿರುಗಿಸಲು ನಿಂತಿದ್ದವನನ್ನು ಭುಜದಿಂದ ಸರಿಸಿ ಹಿಡಿಕೆಯನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದ. ಹಗ್ಗ ಸರಿಯುವ ತನಕ ಗುಳಿಗೆ ಹೊರಗೆ ಬರುವುದಿಲ್ಲ ಎಂದ. ಸ್ಟೋರಿನ ಗೋಡೆಯ ಪಟ್ಟಿಯಲ್ಲಿ ಅವನು ಓದಿದ್ದು ಒಂದೇ ಸಾಲು, ಒಂದು ಗ್ರೇ ಅಂದರೆ ನೂರು ರ್ಯಾಡ್. ಅದನ್ನೇ ಆಯುಧ ಮಾಡಿಕೊಂಡ.

"ನೂರು ಪಟ್ಟು ಜಾಸ್ತಿ ಇದೆ ಅಲ್ಲಿ. ನೂರು ಪಟ್ಟು. ನಮ್ಮಮ್ಮ ಕೂತಿದ್ದಾಳೆ."

ವೆಲ್ಡರುಗಳು ಮುಖವಾಡ ಮೇಲೆತ್ತಿ ಹತ್ತಿರ ಬಂದರು. ಭಾವನಿಗೆ ನಗು ತಡೆಯಲಾಗಲಿಲ್ಲ. ಹಗ್ಗ, ಶೆಡ್ಡು, ಅತ್ತೆ, ಎಲ್ಲ ಅವನ ತಲೆಯಿಂದ ಜಾರಿಹೋಯಿತು. ಭಾಮೈದ ತಪ್ಪು ಲೆಕ್ಕ ಹೇಳಿದ್ದೊಂದೇ ಉಳಿಯಿತು, ಅದೂ ಇಷ್ಟು ಜನರ ಎದುರು.

"ಕೇಳಿಸ್ಕೊಳ್ಳಿ ಪಂಡಿತರ ಮಾತು. ನೂರು ಅನ್ನೋದು ರ್ಯಾಡ್‌ಗೂ ಗ್ರೇಗೂ. ಇದು ಮಿಲಿ, ಅದು ಮೈಕ್ರೋ. ಮಿಲಿಯಿಂದ ಮೈಕ್ರೋಗೆ ಬರುವಾಗ ಸಾವಿರದಿಂದ ಗುಣಿಸು, ಆಮೇಲೆ ನಿನ್ನ ನೂರರಿಂದ ಭಾಗಿಸು. ಒಂದು ಮಿಲಿರ್ಯಾಡ್‌ಗೆ ಹತ್ತು ಮೈಕ್ರೋಗ್ರೇ. ನೂರಲ್ಲಪ್ಪಾ, ಹತ್ತು."

ಲೆಕ್ಕ ಅಚ್ಚುಕಟ್ಟಾಗಿತ್ತು. ಭಾವ ಸುತ್ತ ಒಮ್ಮೆ ನೋಡಿದ, ಶಭಾಷ್ ಅನ್ನಲಿ ಎಂಬಂತೆ.

ವಯಸ್ಸಾದ ವೆಲ್ಡರ್ ಒಬ್ಬ ಕೈಗವಸು ಕಳಚುತ್ತಾ ಕೇಳಿದ, "ಹಂಗಾದ್ರೆ ಮೇಸ್ತ್ರಿ, ಹಗ್ಗದ ಹತ್ರ ಇರೋ ಇಪ್ಪತ್ತು ಎಷ್ಟಾಯ್ತು?"

ಭಾವನ ನಗು ಮುಖದಲ್ಲೇ ಅಂಟಿಕೊಂಡು ಒಣಗಿತು. ಇಪ್ಪತ್ತು ಮಿಲಿರ್ಯಾಡ್ ಅಂದರೆ ಇನ್ನೂರು ಮೈಕ್ರೋಗ್ರೇ, ಇರಬೇಕಾದದ್ದರ ಹತ್ತು ಪಟ್ಟು. ವೆಲ್ಡರುಗಳೇ ಗೂಟ ಕೀಳಲು ಹೋದರು. ಈ ಮೀಟರಿನಲ್ಲಿ ಮುಳ್ಳು ಇಪ್ಪತ್ತಕ್ಕಲ್ಲ, ಎರಡಕ್ಕೆ ಇಳಿಯುವ ತನಕ ನಡೆಯಬೇಕಿತ್ತು. ಅಂದರೆ ಮತ್ತೆ ಅದೇ ಗೇಟು.

ತಾನು ಹೇಳಿದ ಲೆಕ್ಕವೂ ತಪ್ಪು ಎಂಬ ಉರಿ ಅವನಿಗೂ ಇತ್ತು. ಆದರೆ ಅದಕ್ಕಿಂತ ದೊಡ್ಡದೊಂದು ಆಗ ತಲೆಗೆ ಹೊಕ್ಕಿತು. ಹಿಡಿಕೆಗೆ ಬೀಗ ಹಾಕಿ ಕೀಲಿ ಜೇಬಿಗಿಳಿಸಿ ಶೆಡ್ಡಿಗೆ ಓಡಿದ. ಭಾವ ಹಿಂದೆಯೇ ಬಂದ. ನಿನ್ನೆ ಮೊನ್ನೆ ಫೋಟೋ ತೆಗೆಯುವಾಗ ನಿಮ್ಮನ್ನು ಎಬ್ಬಿಸಿದ್ದರಾ ಎಂದು ಅವನು ತಾಯಿಯನ್ನು ಕೇಳಿದ.

"ಎಲ್ಲಿ ಎಬ್ಬಿಸಿದ್ರು," ಎಂದಳು ತಾಯಿ, ಸೆರಗಿನಿಂದ ಮುಖದ ತುಕ್ಕು ಒರೆಸಿಕೊಳ್ಳುತ್ತಾ. "ಬಿಸಿಲಲ್ಲಿ ಹೋಗಿ ನಿಲ್ಲೋದು ತಪ್ಪಿತು. ಎಲ್ಲ ಅಳಿಯಂದಿರ ದಯೆ. ನೀನಾಗಿದ್ರೆ ಅತ್ತೆ ಅಂತ ಇಷ್ಟು ನೋಡ್ಕೋತಿದ್ಯಾ?"

ಹೆಂಗಸರು ನಕ್ಕರು. ಭಾವ ಅವನ ತೋಳು ಹಿಡಿದು ಪಕ್ಕಕ್ಕೆಳೆದು ಪಿಸುಗುಟ್ಟಿದ. ಅಷ್ಟಕ್ಕೆಲ್ಲ ಯಾರೂ ಸಾಯಲ್ಲ, ಆಫೀಸಿಗೆ ತಿಳಿಸಬೇಡ, ನಿನ್ನ ಅಕ್ಕನ ಮುಖ ನೋಡು.

ಅವನು ತೋಳು ಬಿಡಿಸಿಕೊಂಡ. "ಆಫೀಸಿಗೆ ನಾನೇ ಹೇಳ್ತೀನಿ. ಅಮ್ಮನಿಗೆ ನೀವು ಹೇಳಿ, ಭಾವ. ಎಷ್ಟು ಬಿತ್ತು ಅಂತ ಇಲ್ಲೇ ನಿಂತು ಗುಣಿಸಿ ಹೇಳಿ. ಲೆಕ್ಕ ಚೆನ್ನಾಗಿ ಬರುತ್ತಲ್ಲ ನಿಮಗೆ."

ತಾಯಿ ಬ್ರಷ್ಷು ಕೆಳಗಿಟ್ಟಳು. ನಗು ಇನ್ನೂ ಪೂರ್ತಿ ಮಾಸದ ಮುಖದಲ್ಲಿ ಅಳಿಯನನ್ನು ನೋಡುತ್ತಾ, ಏನಂತೆ ಎಂದು ಕೇಳಿದಳು.